ಮಗಳ ಚುಕ್ಕಿಯ ಬೆನ್ನು ಹತ್ತಿ

ಹೊಳೆನರಸೀಪುರದ ಶಾಲೆಯಲ್ಲಿ ಮೂವತ್ತು ವರ್ಷ ಮಕ್ಕಳ ಹಾಜರಿ ಕೂಗಿದವಳು ನಾನು. ನಿವೃತ್ತಳಾದ ಮೇಲೆ ಕೂಗಲು ಉಳಿದದ್ದು ಮಗಳೊಬ್ಬಳ ಹೆಸರು. ಅವಳು ದಿನಾ ಬಸ್ಸಿನಲ್ಲಿ ಹಾಸನಕ್ಕೆ ಹೋಗಿ ಒಂದು ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಸಂಜೆ ಬಸ್ಸು ತಡವಾದರೆ ಜೀವ ಬಾಯಿಗೆ ಬರುತ್ತದೆ ಎಂದು ರಂಪ ಮಾಡಿ, ಅವಳ ಲೊಕೇಶನ್ ನನ್ನ ಫೋನಿನ ಮ್ಯಾಪಿನಲ್ಲಿ ಒಂದು ಚುಕ್ಕಿಯಾಗಿ ಕಾಣುವಂತೆ ಮಾಡಿಸಿಕೊಂಡೆ.

"ನೀನೆಲ್ಲಿದ್ದೀಯ ಅಂತ ನಂಗೂ ಕಾಣುತ್ತೆ ಕಣಮ್ಮಾ, ಪರವಾಗಿಲ್ವಾ?" ಎಂದು ಕೇಳಿದಳು. ಧಾರಾಳವಾಗಿ ನೋಡು ಎಂದೆ. ಅಡುಗೆಮನೆಯಿಂದ ಬಸದಿಗೆ, ಬಸದಿಯಿಂದ ಅಡುಗೆಮನೆಗೆ ಓಡಾಡುವ ನನ್ನ ಚುಕ್ಕಿಯನ್ನು ನೋಡುವ ಕರ್ಮ ಯಾರಿಗಿದೆ?

ನನಗೆ ಮಾತ್ರ ಚಟ ಹತ್ತಿತು. ಒಲೆಯ ಮೇಲೆ ಸಾರು ಉಕ್ಕಿದರೂ ಕಣ್ಣು ಚುಕ್ಕಿಯ ಮೇಲೆ. ಒಂದು ದಿನ ಅದು ಅರಕಲಗೂಡಿನ ಹತ್ತಿರ ಒಂದು ಕೆರೆಯ ನಟ್ಟನಡುವೆ ನಿಂತುಬಿಟ್ಟಿತು. ನಾನು ಅಳುತ್ತಾ ಹನ್ನೊಂದು ಸಲ ಫೋನು ಮಾಡಿದೆ. ಹನ್ನೆರಡನೆಯದಕ್ಕೆ ಎತ್ತಿದ ಮಗಳು, "ರಕ್ತಪರೀಕ್ಷೆ ಕ್ಯಾಂಪಿಗೆ ಬಂದಿದೀನಮ್ಮಾ, ಬಸ್ಸು ಕೆರೆ ಏರಿ ಮೇಲೆ ಕೆಟ್ಟು ನಿಂತಿದೆ. ಮುಳುಗಿಲ್ಲ, ಇಡು" ಎಂದಳು. ಅಷ್ಟಾದರೂ ನನಗೆ ಬುದ್ಧಿ ಬರಲಿಲ್ಲ.

ಆಮೇಲೆ ಎರಡು ಭಾನುವಾರ ಚುಕ್ಕಿ ಚನ್ನರಾಯಪಟ್ಟಣದ ಒಂದೇ ಮನೆಯಲ್ಲಿ ಗಂಟೆಗಟ್ಟಲೆ ಕೂತಿತ್ತು. ಕೇಳಿದರೆ ಗೆಳತಿಯ ಮನೆ ಎಂದಳು. ಗೆಳತಿಯ ಹೆಸರು ಹೇಳುವಾಗ ಕೆನ್ನೆ ಯಾಕೆ ಕೆಂಪಾಗಬೇಕು? ಬುಧವಾರ ಅವಳು ಕೆಲಸಕ್ಕೆ ಹೋದ ಹಿಂದೆಯೇ ನಾನು ಚನ್ನರಾಯಪಟ್ಟಣದ ಬಸ್ಸು ಹತ್ತಿದೆ.

ಸಂಬಂಧ ಬೆಳೆಸುವ ಮುಂಚೆ ಗುಟ್ಟಾಗಿ ವಿಚಾರಿಸುವುದು ನಮ್ಮಲ್ಲಿ ಹಳೆಯ ಪದ್ಧತಿ. ಅದಕ್ಕೆ ಮನೆಯೆದುರಿನ ದಿನಸಿ ಅಂಗಡಿಗಿಂತ ಒಳ್ಳೆಯ ಜಾಗವಿಲ್ಲ. ನಮ್ಮ ಜೈನರ ಮನೆಗಳಲ್ಲಿ ನೆಲದೊಳಗೆ ಬೆಳೆದ ಗಡ್ಡೆ ತಿನ್ನಬಾರದು. ಯಾರು ತಿನ್ನುತ್ತಾರೆ, ಯಾರು ಬಿಟ್ಟಿದ್ದಾರೆ ಎಂಬುದು ಅಂಗಡಿಯವನಿಗೇ ಗೊತ್ತು. ಸುಮ್ಮನೆ ಕೇಳಿದರೆ ಚೆನ್ನಾಗಿರುವುದಿಲ್ಲವೆಂದು ಅರ್ಧ ಕೆಜಿ ಬೆಲ್ಲ ತೂಗಲು ಹೇಳಿ ಎದುರುಮನೆಯವರ ಮಾತು ತೆಗೆದೆ.

"ತಾಯಿ ಮಗ ಇಬ್ರೇ. ಭಾಳ ಒಳ್ಳೇ ಜನ ಕಣಮ್ಮೋರೆ," ಎಂದ ಅಂಗಡಿಯವನು. "ಈರುಳ್ಳಿ, ಆಲೂಗಡ್ಡೆ ಆ ಮನೇಗೆ ಓಗಿದ್ದೇ ಇಲ್ಲ. ಹುಡ್ಗ ಮಾತ್ರ ಆಲೂ ಚಿಪ್ಸ್ ತಗೊಂಡು ಇಲ್ಲೇ ನಿಂತು ತಿಂದ್ಬುಟ್ಟು ಓಯ್ತಾನೆ. ಮನೇಲಿ ಯೋಳ್ಬ್ಯಾಡಿ ಅಂದವ್ನೆ."

ನನಗೆ ನಗು ತಡೆಯಲಾಗಲಿಲ್ಲ. ಮದುವೆಗೆ ಮುಂಚೆ ನಾನೂ ಹಾಗೆಯೇ ಕದ್ದು ತಿಂದವಳು. ಹುಡುಗ ಅಲ್ಲಿಯೇ ಪಾಸಾದ. ಅಷ್ಟರಲ್ಲಿ ಮಗಳ ಫೋನು ಬಂತು.

"ಎಲ್ಲಿದ್ದೀಯಮ್ಮಾ?"

"ಬಸದೀಲಿ," ಎಂದೆ. ಕಳ್ಳನ ಮನಸ್ಸು ಹುಳ್ಳುಳ್ಳಗೆ, ದನಿ ನನಗೇ ಬೇರೆಯವರದು ಅನ್ನಿಸಿತು.

"ಸುಳ್ಳು ಹೇಳ್ಬೇಡ. ಅವರ ಮನೆ ಎದುರಿಗೇ ಇದ್ದೀಯ."

ನನ್ನ ಚುಕ್ಕಿಯನ್ನೂ ನೋಡುವವರಿದ್ದರು! ಬೈಯುತ್ತಾಳೆ ಎಂದುಕೊಂಡೆ, ಬೈಯಲಿಲ್ಲ. "ಈ ಭಾನುವಾರ ನಾನೇ ಹೇಳೋಣ ಅಂತಿದ್ದೆ," ಎಂದಳು. "ನಿನ್ನ ಪಕ್ಕ ಕೂತ್ಕೊಂಡು. ಹೇಗೆ ಶುರು ಮಾಡೋದು ಅಂತ ಎಷ್ಟು ದಿನದಿಂದ ಮನಸ್ಸಲ್ಲೇ ಹೇಳ್ಕೊಂಡು ನೋಡ್ತಿದ್ದೆ ಗೊತ್ತಾ?"

ತರಗತಿಯಲ್ಲಿ ಸಿಕ್ಕಿಬಿದ್ದ ಹುಡುಗಿಯ ಹಾಗೆ ನಿಂತೆ. ಮುಖ ಮುಚ್ಚಿಕೊಳ್ಳುವಷ್ಟು ನಾಚಿಕೆಯಾಯಿತು. ಸಂಜೆ ಅವಳು ಮನೆಗೆ ಬಂದಾಗ ಕಾಫಿ ಕೊಟ್ಟು, ಪಕ್ಕದಲ್ಲಿ ಕೂತು, "ಈಗ ಹೇಳು ಮಗಳೇ, ನಂಗೇನೂ ಗೊತ್ತಿಲ್ಲ ಅಂದ್ಕೊಂಡು ಹೇಳು" ಎಂದೆ.

"ಎಲ್ಲಾ ಗೊತ್ತಲ್ಲಮ್ಮಾ ನಿಂಗೆ," ಎಂದು ಕಾಫಿ ಕುಡಿದು ಒಳಗೆ ಹೋದಳು.

ಮುಂದಿನ ತಿಂಗಳು ನಿಶ್ಚಿತಾರ್ಥ. ಹುಡುಗ ಚಿನ್ನದಂಥವನು. ಮಗಳು ವಿಷಯ ಹೇಗೆ ತಿಳಿಸಿದಳು ಎಂದು ನೆಂಟರು ಆಸೆಯಿಂದ ಕೇಳುತ್ತಾರೆ. ಒಬ್ಬೊಬ್ಬರಿಗೆ ಒಂದೊಂದು ಕಥೆ ಕಟ್ಟುತ್ತೇನೆ. ಅವಳು ಹೇಳಬೇಕೆಂದುಕೊಂಡಿದ್ದ ಮಾತು ಯಾವುದೆಂದು ನನಗೆ ಇವತ್ತಿಗೂ ಗೊತ್ತಿಲ್ಲ.