ಅಂಗೈ ತೋರಿಸಿದರೂ ಸೋಲದ ಸಿಪಾಯಿಗಳು

ನಾನು ಹಗರಿಬೊಮ್ಮನಹಳ್ಳಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಬಿಡುವಾದಾಗ ಬೇರೆ ಗ್ರಹದವರು ಬಂದಿಳಿಯುವ ಕಥೆಗಳನ್ನು ಬರೆಯುತ್ತೇನೆ. ಅವುಗಳಲ್ಲಿ ಎರಡು ಅಚ್ಚಾಗಿವೆ. ನಮ್ಮ ಓಣಿಯಲ್ಲಿ ನಾನು ಸಾಹಿತಿ ಅನ್ನಿಸಿಕೊಳ್ಳಲು ಅಷ್ಟು ಸಾಕಾಯಿತು.

ಪಕ್ಕದಲ್ಲೇ ಒಂದು ರೊಟ್ಟಿ ಕೇಂದ್ರವಿದೆ. ಆರು ಜನ ಹೆಂಗಸರು ಬೆಳಗಿನಿಂದ ಮಧ್ಯಾಹ್ನದವರೆಗೆ ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೂ ಮದುವೆಮನೆಗಳಿಗೂ ಕಳಿಸುತ್ತಾರೆ. ಹಡಗಲಿಯಲ್ಲಿ ಸುತ್ತಲಿನ ತಾಲ್ಲೂಕುಗಳ ಮಹಿಳಾ ಸಂಘಗಳಿಗೆ ನಾಟಕ ಸ್ಪರ್ಧೆ ಇದೆಯೆಂದು ಗೊತ್ತಾದ ದಿನ ಆರೂ ಜನ ಹಿಟ್ಟಿನ ಕೈಯಲ್ಲೇ ನನ್ನ ಮನೆಗೆ ಬಂದರು.

"ಕುಡಿತ ಬಿಡಿಸೋದು, ಗಿಡ ನೆಡೋದು ಬ್ಯಾಡ್ರಿ ಟೀಚರಮ್ಮ. ಅವನ್ನ ಎಲ್ಲಾರೂ ಮಾಡ್ತಾರ. ನೀವು ಬರೀತೀರಲ್ಲ, ಚುಕ್ಕಿ ಮ್ಯಾಲಿಂದ ಬರೋರ ಕಥಿ, ಅದನ್ನ ಕೊಡ್ರಿ," ಎಂದಳು ಅವರಲ್ಲೆಲ್ಲ ಎತ್ತರದವಳು.

ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಎರಡೇ ಸಂಜೆಯಲ್ಲಿ ನಾಟಕ ಮುಗಿಸಿದೆ. ದೂರದ ನಕ್ಷತ್ರದಿಂದ ಒಬ್ಬ ಮಹಾಯೋಧೆ ನಮ್ಮ ಹಿನ್ನೀರಿನ ದಂಡೆಗೆ ಬಂದಿಳಿಯುತ್ತಾಳೆ. ಅವಳಿಗೆ ಗುಂಡು ತಾಗುವುದಿಲ್ಲ. ಅವಳು ಅಂಗೈ ತೋರಿಸಿದರೆ ಸಾಕು, ಎದುರಿಗಿದ್ದವರು ಹಾರಿ ಬೀಳುತ್ತಾರೆ. ನಾಲ್ವರು ಸಿಪಾಯಿಗಳು ಹೋರಾಡಿ ಸಾಯುತ್ತಾರೆ. ಕೊನೆಗೆ ವಿಜ್ಞಾನಿಯೊಬ್ಬಳು ಯಂತ್ರ ತಂದು ಗುಂಡಿ ಒತ್ತುತ್ತಾಳೆ, ಯೋಧೆ ಹೊಗೆಯಾಗುತ್ತಾಳೆ. ಎತ್ತರದವಳಿಗೆ ಯೋಧೆಯ ಪಾತ್ರ ಕೊಟ್ಟೆ.

ರೊಟ್ಟಿ ಕೇಂದ್ರದಲ್ಲಿ ಕೂತು ಓದಿ ಹೇಳಿದೆ. ಆಮೇಲೆ ಅವರಲ್ಲಿ ಹಿರಿಯಳು, ಅರವತ್ತು ದಾಟಿದವಳು, ಕೇಳಿದಳು:

"ನಾವು ನಾಕು ಮಂದಿ ಏನ್ ಮಾಡ್ತೀವ್ರಿ?"

"ಯುದ್ಧ ಮಾಡ್ತೀರಿ."

"ಆಮ್ಯಾಲೆ?"

"ಸಾಯ್ತೀರಿ."

"ಎಷ್ಟೊತ್ತಿಗೆ?"

ಹಾಳೆ ತಿರುವಿ ನೋಡಿದೆ. "ಎರಡನೇ ಪುಟದಲ್ಲಿ."

"ಅಲ್ರೀ, ಸಾಯಾಕ ನಾಕು ಮಂದಿ, ಗುಂಡಿ ಒತ್ತಾಕ ಒಬ್ಬಾಕಿ! ಆ ಮಿಷನ್ನ ಮೊದ್ಲೇ ತಂದಿದ್ರ ಆಕಿ ಗಂಟೇನು ಹೋಗ್ತಿತ್ತು?"

ಎಲ್ಲರೂ ತೊಡೆ ಬಡಿದುಕೊಂಡು ನಕ್ಕರು. ಹಿಟ್ಟು ಹೊಗೆಯಂತೆ ಎದ್ದಿತು. ನಿಜವಾಗಿಯೂ ನನ್ನ ಎಲ್ಲ ಕಥೆಗಳಲ್ಲೂ ಸಿಪಾಯಿಗಳು ಸಾಲಾಗಿ ಬಂದು ಸಾಲಾಗಿಯೇ ಬೀಳುತ್ತಿದ್ದರು. ಅವರ ಜಾಗದಲ್ಲಿ ನಿಂತು ನಾನು ಒಮ್ಮೆಯೂ ಯೋಚಿಸಿರಲಿಲ್ಲ.

ಅವರಲ್ಲೊಬ್ಬಳ ತಮ್ಮ ಸೈನ್ಯದಲ್ಲಿದ್ದಾನೆ. ಅವಳು ಅಲ್ಲೇ ಅವನಿಗೆ ವಿಡಿಯೊ ಕಾಲ್ ಮಾಡಿದಳು. ಎಲ್ಲೋ ಗಡಿಯಲ್ಲಿ ಅವನು ಬಟ್ಟೆ ಒಗೆಯುತ್ತಿದ್ದ.

"ತಮ್ಮಾ, ಒಬ್ಬಾಕಿ ಅದಾಳ. ಗುಂಡು ತಾಗಂಗಿಲ್ಲ, ಕೈ ತೋರ್ಸಿದ್ರ ಮಂದಿ ಹಾರಿ ಬೀಳ್ತಾರ. ಆಕಿನ್ನ ಹೆಂಗ ಹೊಡಿಬೇಕೋ?"

ಅವನು ಗಾಬರಿಯಾದ. "ಯಾರಕ್ಕ? ನಿಮ್ಮತ್ತಿನಾ?"

ಸುಮಾರು ಹೊತ್ತು ಅವನಿಗೆ ನಗು ಬಿಟ್ಟು ಬೇರೇನೂ ಕೇಳಿಸಿರಲಿಕ್ಕಿಲ್ಲ. ವಿಷಯ ತಿಳಿದ ಮೇಲೆ ಬಕೆಟ್ಟು ಪಕ್ಕಕ್ಕಿಟ್ಟು ಗಂಭೀರನಾದ.

"ಸಾಲಾಗಿ ನಿಂದ್ರಬ್ಯಾಡ್ರಿ. ಆಕಿಗೆ ಕಣ್ಣೆಷ್ಟು?"

"ಎರಡು."

"ಹಿಂದಿಂದು ಕಾಣ್ತೈತೇನು?"

ಎಲ್ಲರೂ ನನ್ನ ಕಡೆ ನೋಡಿದರು. ಸೃಷ್ಟಿಕರ್ತೆ ನಾನೇ ತಾನೆ! "ಕಾಣಲ್ಲ," ಎಂದೆ.

"ಮತ್ತೇನಕ್ಕ! ಸುತ್ತೂ ನಿಂದ್ರಿ. ಒಬ್ರು ಕೂಗಿ ಅಡಗ್ರಿ, ಆಕಿ ಅತ್ತಾಗ ತಿರುಗಿದ ಕೂಡ್ಲೆ ಇತ್ತಾಗಿನೋರು ಕೂಗ್ರಿ. ಬಿದ್ದೋರನ್ನ ಎಳಕಂಡು ಹೋಗ್ರಿ, ಬಿಟ್ಟು ಹೋಗಬ್ಯಾಡ್ರಿ. ಆಕಿಗೆ ಪಾಳಿ ಬದಲಿ ಮಾಡೋರಿಲ್ಲ. ನಿಮಗದಾರ."

ಅಂದೇ ವಿಜ್ಞಾನಿ ಪಾತ್ರ ರದ್ದಾಯಿತು. ಸಿಪಾಯಿಗಳು ಐವರಾದರು. ಒಲೆ ಆರಿದ ಮೇಲೆ ದಿನಾ ತಾಲೀಮು. ದೊಡ್ಡ ಪಾತ್ರೆಗಳ ಮುಚ್ಚಳಗಳೇ ಗುರಾಣಿ, ಪೈಪಿನ ತುಂಡುಗಳೇ ಬಂದೂಕು. ಆದರೆ ಈಗ ಯೋಧೆ ತಕರಾರು ತೆಗೆದಳು.

"ನನಗ ಶಕ್ತಿ ಐತಿ. ಸುಮ್ಮ ಸುಮ್ಮನ ಹೆಂಗ ಸೋಲ್ಲಿ? ಸೋಲಿಸಿದ್ರ ಸೋಲ್ತೀನಿ."

ಹಿಟ್ಟಿನ ಚೀಲವನ್ನು ಯಾರ ಕೈಯೂ ತಾಗದಂತೆ ಒಬ್ಬಳೇ ಇಳಿಸುವವಳು ಅವಳು. ಮೂರನೆಯ ದಿನ ಗೋಡೆಗೆ ಬೆನ್ನು ಹಚ್ಚಿ ನಿಂತುಬಿಟ್ಟಳು. ಅವಳ ಹಿಂದೆ ಹೋಗಲು ಜಾಗವೇ ಇಲ್ಲ! ಎಡಕ್ಕೊಂದು ಬಲಕ್ಕೊಂದು ಅಂಗೈ ತೋರಿಸಿ ಐವರನ್ನೂ ಉರುಳಿಸಿದಳು. ಮತ್ತೆ ಗಡಿಗೆ ಫೋನು ಹೋಯಿತು.

"ಭಾಳ ಶಾಣ್ಯಾಕಿ ಬಿಡ್ರಿ," ಎಂದ ತಮ್ಮ. "ಗ್ವಾಡಿ ಬಿಟ್ಟು ಬರೋ ಹಂಗ ಮಾಡ್ರಿ."

ಹೇಗೆ ಎಂಬುದು ಯಾರಿಗೂ ತಿಳಿಯಲಿಲ್ಲ. ಕೊನೆಯ ದೃಶ್ಯವೇ ಇಲ್ಲದ ನಾಟಕ ಹೊತ್ತುಕೊಂಡು ನಾವು ಹಡಗಲಿಗೆ ಹೊರಟೆವು.

ಕೂಡ್ಲಿಗಿಯವರು ಕುಡಿತ ಬಿಡಿಸಿದರು. ಕೊಟ್ಟೂರಿನವರು ಬಾಲ್ಯವಿವಾಹ ನಿಲ್ಲಿಸಿದರು. ಆಮೇಲೆ ನಮ್ಮ ಯೋಧೆ ಬೈಕಿಗೆ ಹೊದಿಸುವ ಬೆಳ್ಳಿಬಣ್ಣದ ಕವರು ಹೊದ್ದು ರಂಗಕ್ಕೆ ಬಂದಳು. ಸಭೆ ಬಾಯಿ ತೆರೆದು ಕೂತಿತು. ಆಟೊದವರಿಂದ ಎರವಲು ತಂದ ಖಾಕಿ ಅಂಗಿಗಳಲ್ಲಿ ಐವರು ಸಿಪಾಯಿಗಳು ಮುಚ್ಚಳ ಹಿಡಿದು ಬಂದರು. ಯೋಧೆ ನೆಟ್ಟಗೆ ಹೋಗಿ ಹಿಂದಿನ ಗೋಡೆಗೆ ಬೆನ್ನು ಕೊಟ್ಟಳು. ಅಂಗೈ ತೋರಿಸಿದಳು, ಇಬ್ಬರು ಬಿದ್ದರು. ಉಳಿದವರು ಅವರನ್ನು ದರದರ ಎಳೆದೊಯ್ದರು. ಮತ್ತೆ ಅಂಗೈ, ಮತ್ತೆ ಇಬ್ಬರು. ಪರದೆಯ ಮರೆಯಲ್ಲಿ ನಾನು ಇಲ್ಲದ ಕೊನೆಯ ದೃಶ್ಯಕ್ಕಾಗಿ ಹಾಳೆ ತಿರುವುತ್ತಿದ್ದೆ.

ಆಗ ಹಿರಿಯಳು ಮುಚ್ಚಳ ಕೆಳಗಿಟ್ಟು ರಂಗದ ನಡುವೆ ಬಂದು ಕೂತಳು. ಬುತ್ತಿ ಬಿಚ್ಚಿದಳು. ದಾರಿಗೆಂದು ಕಟ್ಟಿಕೊಂಡಿದ್ದ ನಿಜವಾದ ರೊಟ್ಟಿ, ನಿಜವಾದ ಶೇಂಗಾ ಚಟ್ನಿ.

"ಯವ್ವಾ, ಮುಂಜಾನಿಂದ ನೀನು ಏನೂ ತಿಂದಿಲ್ಲ. ಒಂದು ತುತ್ತು ತಿಂದು ಆಮ್ಯಾಲೆ ಹೊಡಿ, ಬಾ."

ಅದು ನಾಟಕದ ಮಾತಾಗಿರಲಿಲ್ಲ. ರಂಗದ ಹೆದರಿಕೆಯಿಂದ ಎತ್ತರದವಳು ಬೆಳಗಿನಿಂದ ನೀರು ಕೂಡ ಮುಟ್ಟಿರಲಿಲ್ಲ. ಯೋಧೆಯ ಕಣ್ಣು ರೊಟ್ಟಿಯ ಮೇಲೆ ಬಿತ್ತು. ಗೋಡೆ ಬಿಟ್ಟು ಒಂದು ಹೆಜ್ಜೆ, ಎರಡು, ಮೂರು.

"ಏಯ್!" ಎಂದು ಹಿಂದಿನಿಂದ ಒಬ್ಬಳು ಕೂಗಿದಳು. ಯೋಧೆ ತಿರುಗಿದಳು. "ಇತ್ತಾಗ ನೋಡು!" ಇನ್ನೊಬ್ಬಳು. ಅತ್ತ ತಿರುಗಿದಳು. ಬಿದ್ದಿದ್ದವರೂ ಎದ್ದು ಸೇರಿ ನಾಲ್ಕೂ ದಿಕ್ಕಿನಿಂದ ಕೂಗು. ಅವಳು ಗಿರಗಿರ ತಿರುಗಿದಳು, ಬೆಳ್ಳಿಯ ಕವರು ಕಾಲಿಗೆ ಸುತ್ತಿಕೊಂಡಿತು, ತಲೆ ತಿರುಗಿ ದೊಪ್ಪನೆ ಕೂತಳು. ಇಬ್ಬರು ಓಡಿಬಂದು ಅವಳ ಎರಡೂ ಅಂಗೈ ಸೇರಿಸಿ ಗಟ್ಟಿಯಾಗಿ ಹಿಡಿದರು. ಅವಳು ಬಿಡಿಸಿಕೊಳ್ಳಲು ನೋಡಿದಳು, ಆಗಲಿಲ್ಲ, ನಗತೊಡಗಿದಳು. ಹಿಡಿದವರೂ ನಕ್ಕರು, ಸಭೆಯೂ ನಕ್ಕಿತು, ಮೈಕಿನವನು ಬಿದ್ದು ಬಿದ್ದು ನಕ್ಕ. ನಾನು ಪರದೆ ಹಿಡಿದುಕೊಂಡು ಅಳುತ್ತಾ ನಗುತ್ತಿದ್ದೆ.

ತೀರ್ಪುಗಾರರು ಹರಪನಹಳ್ಳಿಯ ನಿವೃತ್ತ ಮೇಷ್ಟ್ರು. "ಇದರಿಂದ ಸಮಾಜಕ್ಕೆ ಏನು ಸಂದೇಶ?" ಎಂದು ಕೇಳಿದರು. ಹಿರಿಯಳು ಮೈಕು ಇಸಿದುಕೊಂಡಳು.

"ಆಕಿ ಭಾಳ ಗಟ್ಟಿ ಅದಾಳ್ರಿ ಸಾರ್. ನಾವು ಐದು ಮಂದಿ ಇದ್ವಿ. ಅಷ್ಟ."

ಸಮಾಧಾನಕರ ಬಹುಮಾನವೆಂದು ಒಂದು ಗೋಡೆ ಗಡಿಯಾರ ಸಿಕ್ಕಿತು. ಗೂಡ್ಸ್ ಆಟೊದಲ್ಲಿ ಊರಿಗೆ ಮರಳುವಾಗ ಯೋಧೆಯದು ಒಂದೇ ವಾದ: "ಉಣ್ಣಾಕ ಕರೆದು ಹಿಡಿಯೋದು ಮೋಸ." ವಾದಿಸುತ್ತಲೇ ನಾಲ್ಕು ರೊಟ್ಟಿ ತಿಂದಳು. ತಮ್ಮನಿಗೆ ವಿಡಿಯೊ ಕಾಲ್ ಹೋಯಿತು. ಅವನು ಮೊದಲು ಕೇಳಿದ್ದು, "ನಮ್ಮೋರು ಎಷ್ಟು ಮಂದಿ ಸತ್ರು?"

"ಒಬ್ರೂ ಇಲ್ಲೋ!"

ಅವನು ಹಾಕಿದ ಕೇಕೆಗೆ ಜೊತೆಯ ಜವಾನರೆಲ್ಲ ಬಂದು ಫೋನಿನ ಪರದೆಯೊಳಗೆ ಇಣುಕಿದರು. ಯೋಧೆ ಚಟ್ನಿ ಮೆತ್ತಿದ ಅಂಗೈಯನ್ನು ಅವರತ್ತ ಎತ್ತಿದಳು. ಕನ್ನಡ ಬಾರದ ಆ ಹುಡುಗರು ಏನು ತಿಳಿದರೋ, ಒಬ್ಬರ ಹಿಂದೊಬ್ಬರು ಹಾರಿ ಬಿದ್ದರು.

ಸ್ವಲ್ಪ ದೂರ ಹೋದ ಮೇಲೆ ಅವಳು ನನ್ನ ಪಕ್ಕಕ್ಕೆ ಸರಿದಳು. "ಟೀಚರಮ್ಮ, ನನಗ ಇನ್ನ ಈ ಪಾರ್ಟ್ ಬ್ಯಾಡ್ರಿ. ಗ್ವಾಡಿಗೆ ಒಬ್ಬಾಕಿನೇ ನಿಂತಾಗ ಎದಿ ಢವಢವ ಅಂತಿತ್ತು. ಅತ್ತಾಗ ಅವರು ಐದೂ ಮಂದಿ ಕೂಡಿ ಕಿಸಿಕಿಸಿ ನಗ್ತಿದ್ರು," ಎಂದಳು.

ನಾನು ತಲೆಯಾಡಿಸಿದೆ. ಗಡಿಯಾರ ನನ್ನ ತೊಡೆಯ ಮೇಲಿತ್ತು. ಅದಕ್ಕೆ ಸೆಲ್ ಹಾಕಿಯೇ ಇರಲಿಲ್ಲವೆಂದು ನಮಗೆ ಗೊತ್ತಾದದ್ದು ಮರುದಿನ.