ಮೊದಲ ಚರಿಗೆ ಹಾಲು

ನಮ್ಮತ್ತೆ ತುಳಸವ್ವನ ಮನೆಯಲ್ಲಿ ಒಂದು ಕಾಯಿದೆ ಇತ್ತು. ಬೆಳಿಗ್ಗೆ ಹಿಂಡಿದ ಮೊದಲ ಚರಿಗೆ ಹಾಲು ಮನೆಯ ಕೂಸಿಗೆ. ಡೇರಿಯ ಕ್ಯಾನು, ನಮ್ಮ ಚಹಾ, ದೇವರ ನೈವೇದ್ಯ ಎಲ್ಲ ಆಮೇಲೆ. ಒಮ್ಮೆ ನಾನು ಮರೆತು ಆ ಚರಿಗೆಯಿಂದ ಚಹಾಕ್ಕೆ ಒಂದು ಲೋಟ ತೆಗೆದಿದ್ದಕ್ಕೆ ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು. ನನಗೇನು, ಆ ಎರಡು ದಿನ ಕಿವಿಗೆ ಆರಾಮವಿತ್ತು.

ನಾನು ಸಪನಾ. ತವರು ನಿಪ್ಪಾಣಿ ತಾಲೂಕಿನ ಭೋಜ, ಕೊಟ್ಟದ್ದು ರಾಯಬಾಗ ತಾಲೂಕಿನ ಅಲಖನೂರಿಗೆ. ತುಳಸವ್ವ ನನಗೆ ಅತ್ತೆಯಾಗುವ ಮೊದಲೇ ನನ್ನ ಅಪ್ಪನ ಅಕ್ಕ. ನಮ್ಮ ಕಡೆ ಮರಾಠಿ ಬೆರೆತ ಮಾತು, ಹಾಗಾಗಿ ಚಿಕ್ಕಂದಿನಿಂದ ಆಕೆಯನ್ನು 'ಆತ್ಯಾ' ಎಂದೇ ಕರೆದವಳು. ನನ್ನ ಗಂಡ ವಿಶ್ವಾಸ ಆಕೆಯ ಮಗ, ಅಂದರೆ ನನ್ನ ಸೋದರತ್ತೆಯ ಮಗ. ಈ ಮಾತು ಮುಂದೆ ಬರುತ್ತದೆ, ನೆನಪಿರಲಿ.

ಆ ಕಾಯಿದೆ ಸುಮ್ಮನೆ ಹುಟ್ಟಿದ್ದಲ್ಲ. ಮದುವೆಯಾದ ಹೊಸದರಲ್ಲಿ ಆತ್ಯಾ ನನ್ನ ಮಾವ ಲಗಮಪ್ಪನ ಜೊತೆ ಕಬ್ಬು ಕಡಿಯುವ ಗ್ಯಾಂಗಿನಲ್ಲಿ ಸಾಂಗಲಿ ಕಡೆ ಹೋಗುತ್ತಿದ್ದಳು. ಚೊಚ್ಚಲ ಮಗಳು ಹುಟ್ಟಿದಾಗ ಎದೆಯಲ್ಲಿ ಹಾಲಿಲ್ಲ, ಕೊಳ್ಳಲು ಕೈಯಲ್ಲಿ ಕಾಸಿಲ್ಲ. ಬೆಲ್ಲದ ಕರಿ ಚಹಾದಲ್ಲಿ ಸೀರೆಯ ಅಂಚು ಅದ್ದಿ ಕೂಸಿನ ಬಾಯಿಗೆ ಇಡುತ್ತಿದ್ದಳಂತೆ. ಹತ್ತು ತಿಂಗಳಿಗೆ ಅದು ಕಬ್ಬಿನ ಗದ್ದೆಯ ಬದುವಿನ ಮೇಲೆಯೇ ತೀರಿಹೋಯಿತು. ಊರಿಗೆ ಬಂದವಳೇ ಕಿವಿಯ ಬೆಂಡೋಲೆ ಕೊಟ್ಟು ಎಮ್ಮೆ ತಂದಳು. "ನನ್ನ ಮನ್ಯಾಗ ಇನ್ನ ಯಾವ ಕೂಸೂ ಹಾಲಿಲ್ಲದ ಸಾಯಂಗಿಲ್ಲ" ಎಂದು ಆಕೆ ಹೇಳಿದರೆ ಎದುರು ಮಾತಾಡುವ ಗಂಡಸು ಆ ಮನೆಯಲ್ಲಿರಲಿಲ್ಲ. ಈಗ ನಾಲ್ಕು ಎಮ್ಮೆ ಇವೆ.

ನನ್ನ ಮಗ ಸಂಗ್ರಾಮನಿಗೆ ಏಳು ತಿಂಗಳಾದಾಗ ನಾನು ಪಂಚಾಯ್ತಿಯ ಕಂಪ್ಯೂಟರ್ ಕೆಲಸಕ್ಕೆ ಮರಳಿದೆ. ಕೂಸು ಆತ್ಯಾಳ ಕೈಗೆ ಹೋಯಿತು. ಬಾಟಲಿ ಖಾಲಿಯಾಗುವುದರೊಳಗೆ ಇನ್ನೊಂದು ಬಾಟಲಿ. ವರ್ಷ ತುಂಬಿದ ಮೇಲೆ ದಿನಕ್ಕೆ ಒಂದೂವರೆ ಲೀಟರ್ ಕುಡಿಯುತ್ತಿದ್ದ. ಅನ್ನ ಬೇಳೆ ಕಿವುಚಿ ಹಿಡಿದರೆ ಮುಖ ತಿರುಗಿಸುತ್ತಿದ್ದ. "ಹಾಲ ಕುಡ್ಯಾಕತ್ತಾನಲ್ಲ, ರೊಟ್ಟಿ ತಿಂದು ಕುಸ್ತಿ ಆಡೋದೈತೇನ ಈಗ?" ಎನ್ನುತ್ತಿದ್ದಳು ಆತ್ಯಾ. ಕೂಸು ಗುಂಡಗುಂಡಗೆ ಬೆಳೆಯಿತು. ನಾನೂ ಕಪ್ಪು, ವಿಶ್ವಾಸನೂ ಕಪ್ಪು, ಮಗ ಮಾತ್ರ ತಿಂಗಳಿಂದ ತಿಂಗಳಿಗೆ ಬೆಳ್ಳಗಾಗುತ್ತ ಹೋದ. ಓಣಿಯ ಹೆಂಗಸರು "ಅಯ್ಯ, ಬೆಣ್ಣಿ ಮುದ್ದಿ ಆಗೈತಲ್ಲ ಬೇ!" ಎಂದು ಗಲ್ಲ ಹಿಂಡುತ್ತಿದ್ದರು. ಸುಳ್ಳು ಯಾಕೆ ಹೇಳಲಿ, ನಾನೂ ಉಬ್ಬಿಹೋಗಿದ್ದೆ. ಅವನ ಫೋಟೋ ದಿನಾ ವಾಟ್ಸಾಪ್ ಸ್ಟೇಟಸ್ಸಿಗೆ ಹಾಕುತ್ತಿದ್ದೆ.

ಮೊದಲು ಕಂಡುಹಿಡಿದವಳು ನಮ್ಮೂರಿನ ಆಶಾ ಕಾರ್ಯಕರ್ತೆ ಬೇಗಂಬಿ. ಅಂಗನವಾಡಿಯಲ್ಲಿ ಮಕ್ಕಳ ತೂಕ ಮಾಡುವ ದಿನ ಎಲ್ಲರೂ ತಕ್ಕಡಿಯ ಮುಳ್ಳು ನೋಡುತ್ತಿದ್ದರೆ ಆಕೆ ಸಂಗ್ರಾಮನ ಕೆಳಗಿನ ರೆಪ್ಪೆ ಎಳೆದು ನೋಡಿದಳು. ಆಮೇಲೆ ಅಂಗೈ ನೋಡಿದಳು. ಮತ್ತೆ ರೆಪ್ಪೆ ನೋಡಿದಳು.

"ಸಪನಾ, ಕೂಸಿನ ಮೈಯಾಗ ರಕ್ತ ಭಾಳ ಕಡಿಮಿ ಕಾಣತೈತಿ. ದವಾಖಾನಿಗೆ ತೋರಸ್ರಿ" ಎಂದಳು.

ಆತ್ಯಾ ಸಿಡಿದೆದ್ದಳು. "ಹನ್ನೆರಡೂವರಿ ಕಿಲೋ ಐತಿ ನನ್ನ ಮೊಮ್ಮಗ. ಇಡೀ ಅಂಗನವಾಡ್ಯಾಗ ಇಷ್ಟ ತೂಕದ ಕೂಸ ತೋರಸ ನೋಡೂನು! ರಕ್ತ ಇಲ್ಲಂತ ರಕ್ತ! ನಿನ್ನ ಕಣ್ಣ ಬೀಳಾಕತ್ತೈತಿ, ಇನ್ನೇನಲ್ಲ."

"ತೂಕ ಬ್ಯಾರೆ, ರಕ್ತ ಬ್ಯಾರೆ, ತುಳಸಕ್ಕ" ಎಂದಳು ಬೇಗಂಬಿ, ಸಿಟ್ಟಾಗದೆ. ನನ್ನ ಕೈಗೆ ಕಬ್ಬಿಣಾಂಶದ ಒಂದು ಸಣ್ಣ ಬಾಟಲಿ ಕೊಟ್ಟು, ಹಾಲಿನ ಜೊತೆ ಹಾಕಬೇಡಿ, ದವಾಖಾನೆಗೆ ಹೋಗುವುದನ್ನು ಮಾತ್ರ ಬಿಡಬೇಡಿ ಎಂದು ಹೇಳಿ ಹೋದಳು.

ಮೂರು ದಿನ ಹಾಕಿದೆವು. ನಾಲ್ಕನೆಯ ದಿನ ಕೂಸಿನ ಮಲ ಕರ್ರಗೆ ಬಂತು. ಆ ಔಷಧಕ್ಕೆ ಹಾಗಾಗುವುದು ಸಹಜ ಎಂದು ಈಗ ಗೊತ್ತು. ಅವತ್ತು ಆತ್ಯಾ ಹೌಹಾರಿ ಬಾಟಲಿಯನ್ನು ತಿಪ್ಪೆಗೆ ಎಸೆದಳು. ನಾನು ಬಾಗಿಲಲ್ಲೇ ನಿಂತಿದ್ದೆ, ಕಣ್ಣಾರೆ ನೋಡಿದೆ. ಮನೆಯಲ್ಲಿ ಮಾತಿಗೆ ಮಾತು ಬೆಳೆಯುವುದು ಬೇಡವೆಂದು ಸುಮ್ಮನಾದೆ. ಬಾಯಿ ಜೋರಿನವಳೆಂದು ಹೆಸರಾದ ನಾನು ಬಾಯಿ ಬಿಡಬೇಕಾದ ಹೊತ್ತಿನಲ್ಲಿ ಬಿಡಲಿಲ್ಲ. ನನ್ನ ಮೇಲೆಯೇ ನನಗೆ ಈಗಲೂ ಸಿಟ್ಟು ಬರುತ್ತದೆ.

ಆಮೇಲೆ ಕೂಸು ಹಿತ್ತಲಿನ ಗೋಡೆಯ ಮಣ್ಣು ನೆಕ್ಕತೊಡಗಿತು. ಕೈ ತಪ್ಪಿಸಿದರೆ ಅಂಗಳದ ಹರಳು ಬಾಯಿಗೆ. ಗೋಡೆ ಹಿಡಿದು ನಡೆಯುತ್ತಿದ್ದವನು ನಾಲ್ಕು ಹೆಜ್ಜೆಗೆ ಕೂತುಬಿಡುತ್ತಿದ್ದ. ಒಂದು ಭಾನುವಾರ ಮಧ್ಯಾಹ್ನ ಅವನ ಕುತ್ತಿಗೆಯ ನರ ಟಕಟಕ ಹಾರುತ್ತಿರುವುದು ಕಂಡಿತು. ಮಲಗಿದ ಕೂಸಿಗೆ ಏದುಸಿರು. ತುಟಿ ನೋಡಿದೆ, ಅಂಗೈಗೂ ತುಟಿಗೂ ಒಂದೇ ಬಣ್ಣ. ವಿಶ್ವಾಸ ಸಕ್ಕರೆ ಕಾರ್ಖಾನೆಯಲ್ಲಿ ಪಾಳಿಯ ಮೇಲಿದ್ದ. ಅವನಿಗೆ ಫೋನ್ ಮಾಡಿ, ಓಣಿಯ ಗಾಡಿ ಮಾಡಿಕೊಂಡು ಕೂಸನ್ನು ಎತ್ತಿಕೊಂಡು ಹೊರಟೆ. ಆತ್ಯಾ ಚಪ್ಪಲಿ ಇಲ್ಲದೆ ಓಡಿಬಂದು ಗಾಡಿ ಹತ್ತಿದಳು. ಕೈಯಲ್ಲಿ ಹಾಲಿನ ಬಾಟಲಿ.

ಚಿಕ್ಕೋಡಿಯಲ್ಲಿ ಮಕ್ಕಳ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು. ಹನ್ನೊಂದರ ಮೇಲೆ ಇರಬೇಕಾದ ಹಿಮೋಗ್ಲೋಬಿನ್ ಮೂರು ಪಾಯಿಂಟ್ ಎಂಟು ಇತ್ತು. ಅವರು ಹೊಟ್ಟೆ ಒತ್ತಿ ನೋಡಿದರು, ಎಡಗಡೆ ಮತ್ತೊಮ್ಮೆ ಒತ್ತಿದರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ.

"ಕೂಸು ಏನ್ ತಿಂತದ್ರಿ?"

"ಹಾಲು" ಎಂದಳು ಆತ್ಯಾ. "ಚಲೋ ಎಮ್ಮಿ ಹಾಲ್ರಿ ಸಾಹೇಬ್ರ, ಒಂದ ಹನಿ ನೀರ ಹಾಕಿಲ್ಲ."

"ಮತ್ತೇನು?"

ಆತ್ಯಾ ನನ್ನ ಕಡೆ ನೋಡಿದಳು. ಮತ್ತೇನೂ ಇರಲಿಲ್ಲ.

"ನೀವು ಗಂಡ ಹೆಂಡತಿ ಸಂಬಂಧದಾಗ ಮದುವಿ ಆಗೀರೇನ್ರಿ?" ಎಂದು ಡಾಕ್ಟರು ನನ್ನನ್ನು ಕೇಳಿದರು. ಹೌದೆಂದೆ. ಅವರು ಪೆನ್ನು ಕೆಳಗಿಟ್ಟು ಸಾವಕಾಶ ಹೇಳಿದರು. ಎರಡು ಕಾರಣ ಇರಬಹುದು. ಒಂದು, ಬರೀ ಹಾಲು. ಹಾಲಿನಲ್ಲಿ ಕಬ್ಬಿಣಾಂಶ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಅದರಿಂದಲೇ ಹೊಟ್ಟೆ ತುಂಬಿದರೆ ಕೂಸು ಬೇರೆ ತಿನ್ನುವುದಿಲ್ಲ, ಕರುಳಿನಲ್ಲಿ ಕಣ್ಣಿಗೆ ಕಾಣದಂತೆ ರಕ್ತವೂ ಸೋರಬಹುದು. ಮೈ ತುಂಬುತ್ತದೆ, ರಕ್ತ ಬತ್ತುತ್ತದೆ. ಇನ್ನೊಂದು, ತಂದೆತಾಯಿ ಇಬ್ಬರಿಂದಲೂ ಬರುವ ಥಲಸ್ಸೇಮಿಯಾ ಎಂಬ ರಕ್ತದ ಕಾಯಿಲೆ. ಅದಾದರೆ ಮೂರು ನಾಲ್ಕು ವಾರಕ್ಕೊಮ್ಮೆ, ಜೀವನವಿಡೀ, ಬೇರೆಯವರ ರಕ್ತ ಹಾಕಿಸಬೇಕಾಗಬಹುದು. ಹೊರಗಿನ ರಕ್ತ ಏರಿಸುವ ಮೊದಲೇ ಕೂಸಿನ ರಕ್ತ ತೆಗೆದು ಬೆಳಗಾವಿಗೆ ಕಳಿಸುತ್ತೇವೆ, ಬುಧವಾರ ತಿಳಿಯುತ್ತದೆ.

ಸಂಗ್ರಾಮನ ನರ ಸಿಗದೆ ಮೂರು ಕಡೆ ಚುಚ್ಚಿದರು. ಅಳುವುದಕ್ಕೂ ಶಕ್ತಿಯಿಲ್ಲದೆ ಅವನು ಬಾಯಿ ಮಾತ್ರ ತೆರೆದ. ಯಾರದೋ ರಕ್ತ ಸಣ್ಣ ನಳಿಕೆಯಲ್ಲಿ ಹನಿಹನಿಯಾಗಿ ಇಳಿಯತೊಡಗಿತು. ಬೇಗ ಬಿಟ್ಟರೆ ಎದೆಗೆ ಭಾರವಾಗುತ್ತದೆಂದು ನರ್ಸು ಹೇಳಿದ್ದಳು. ನಾನು ಹನಿ ಎಣಿಸುತ್ತಿದ್ದೆ, ಎಣಿಕೆ ತಪ್ಪಿ ಮತ್ತೆ ಒಂದರಿಂದ ಶುರು ಮಾಡುತ್ತಿದ್ದೆ. ವಿಶ್ವಾಸ ಬಂದವನು ಕೂಸಿನ ಕಾಟಿನ ಕಂಬಿ ಹಿಡಿದು ನಿಂತ. ನಮ್ಮಿಬ್ಬರಿಗೂ ಒಬ್ಬರ ಮುಖ ಒಬ್ಬರು ನೋಡುವ ಧೈರ್ಯವಿರಲಿಲ್ಲ. ಅವನ ಮೈಯಲ್ಲೂ ನನ್ನ ಮೈಯಲ್ಲೂ ಅದೇ ಭೋಜದ ಮನೆಯ ರಕ್ತ.

ಹಾಗೇ ಸೋಮವಾರ ಕಳೆಯಿತು, ಮಂಗಳವಾರ ಕಳೆಯಿತು. ಆತ್ಯಾ ಊಟ ಮಾಡಲಿಲ್ಲ, ಯಾರನ್ನೂ ಬೈಯಲಿಲ್ಲ. ಆಕೆ ಬೈಯದಿರುವುದೇ ನನಗೆ ಹೆದರಿಕೆ ಹುಟ್ಟಿಸಿತು. ಒಳಗೊಳಗೆ ನನಗೆ ಆಕೆಯ ಮೇಲೆ ಎಷ್ಟು ಸಿಟ್ಟಿತ್ತೆಂದರೆ, 'ನಿನ್ನ ಹಾಲೇ ನನ್ನ ಮಗನನ್ನು ತಿಂದಿತು' ಎಂಬ ಮಾತು ನಾಲಿಗೆಯ ತುದಿಗೆ ಬಂದು ಕೂತಿತ್ತು. ಬುಧವಾರ ಬೆಳಿಗ್ಗೆ ಆಕೆ ಹಾಲಿನ ಬಾಟಲಿ ತೊಳೆಯುತ್ತೇನೆಂದು ನಲ್ಲಿಯ ಕಡೆ ಹೋದಳು. ಹೋದವಳು ಎಷ್ಟು ಹೊತ್ತಾದರೂ ಬರಲಿಲ್ಲ. ಇವತ್ತು ಹೇಳಿಯೇ ಬಿಡುತ್ತೇನೆಂದು ಹಿಂದೆಯೇ ಹೋದೆ.

ನಲ್ಲಿ ಸುರಿಯುತ್ತಿತ್ತು. ಆತ್ಯಾ ಕಟ್ಟೆಗೆ ಹಣೆ ಹಚ್ಚಿ ಚಿಂಚಲಿಯ ದೇವಿ ಮಾಯಕ್ಕನ ಹೆಸರು ಹಿಡಿದು ಮಾತಾಡುತ್ತಿದ್ದಳು.

"ನಂದ ತಪ್ಪ ಇರಲಿ, ಮಾಯಕ್ಕ. ನಾ ಹಾಕಿದ ಹಾಲಿಂದ ಆಗಿದ್ದ ಇರಲಿ. ಆ ಇನ್ನೊಂದ ಬ್ಯಾಡವಾ ತಾಯಿ. ನಾನ ಕೆಡಿಸೀನಿ ಅನ್ಸ ಯವ್ವಾ, ಊರ ಮುಂದ ಅನ್ಸ. ಕೂಸಿಂದ ಏನೂ ಇಲ್ಲ ಅನ್ಸ."

ನಾಲಿಗೆಯ ತುದಿಯ ಮಾತನ್ನು ನುಂಗಿಕೊಂಡೆ. ಆಕೆ ಯಾಕೆ ಹಾಗೆ ಬೇಡುತ್ತಿದ್ದಾಳೆಂದು ಅರ್ಥವಾಗಲು ನನಗೆ ಒಂದು ಗಳಿಗೆ ಬೇಕಾಯಿತು. ತಪ್ಪು ಹಾಲಿನದಾದರೆ ಕೂಸು ಗುಣವಾಗುತ್ತದೆ. ಹಾಲಿನದಲ್ಲದಿದ್ದರೆ ಆಕೆಯ ಮೇಲೆ ಯಾವ ಆರೋಪವೂ ಇಲ್ಲ, ಕೂಸಿಗೆ ಮಾತ್ರ ಬಿಡುಗಡೆಯಿಲ್ಲ. ನಲ್ಲಿ ಬಂದ್ ಮಾಡಿ, ಏನೂ ಕೇಳಿಸದವಳಂತೆ "ನಡಿ ಆತ್ಯಾ, ಡಾಕ್ಟರ್ ಬರೂ ಹೊತ್ತಾತು" ಎಂದೆ.

ಡಾಕ್ಟರು ಹನ್ನೊಂದಕ್ಕೆ ಕಾಗದ ಹಿಡಿದು ಬಂದರು. ಕೋಣೆಯ ಒಳಗೆ ಬರುವ ಮೊದಲೇ ಆತ್ಯಾ ಎದ್ದು ನಿಂತಿದ್ದಳು.

"ಥಲಸ್ಸೇಮಿಯಾ ಇಲ್ರಿ" ಎಂದರು ಅವರು. "ಬರೀ ಕಬ್ಬಿಣಾಂಶದ ಕೊರತಿ. ಔಷಧ ಕೆಲವು ತಿಂಗಳ ತಪ್ಪದ ಹಾಕ್ರಿ. ಬ್ಯಾಳಿ, ತಪ್ಪಲಪಲ್ಲೆ, ತತ್ತಿ ತಿನಸ್ರಿ, ಮ್ಯಾಲೆ ಲಿಂಬಿಹಣ್ಣ ಹಿಂಡ್ರಿ. ಹಾಲು ದಿನಕ್ಕ ಎರಡ ಸಣ್ಣ ಕಪ್ಪು, ಅದೂ ಊಟ ಆದ ಮ್ಯಾಲೆ, ಬಾಟಲಿ ಬ್ಯಾಡ. ಕೂಸು ಆರಾಮ ಆಗ್ತದ."

"ಅಂದ್ರ ಹಾಲಿಂದ ಆತೇನ್ರಿ?" ಆತ್ಯಾ ಕೇಳಿದಳು. "ಖರೇ ಹೇಳ್ರಿ ಸಾಹೇಬ್ರ."

ಡಾಕ್ಟರು ಅನುಮಾನಿಸಿದರು. ವಯಸ್ಸಾದವಳ ಮನಸ್ಸಿಗೆ ನೋವಾದೀತೆಂದು ಅಂದುಕೊಂಡರೇನೋ. "ಹೌದ್ರಿ ಅವ್ವಾರ" ಎಂದರು.

ಆತ್ಯಾ ನನ್ನ ಎರಡೂ ತೋಳು ಹಿಡಿದು ಅಲ್ಲಾಡಿಸಿದಳು. ಕಣ್ಣಲ್ಲಿ ನೀರು ಧಾರಾಕಾರ, ಬಾಯಲ್ಲಿ ನಗು. "ಕೇಳಿದ್ಯಾ ಬೇ ಸಪನಾ? ನಂದ ತಪ್ಪ! ನಂದ ತಪ್ಪಂತ!" ವಿಶ್ವಾಸನಿಗೆ ಹೇಳಿದಳು. ನರ್ಸಿಗೆ ಹೇಳಿದಳು. ಪಕ್ಕದ ಕಾಟಿನ ಹೆಂಗಸಿಗೆ ಹೇಳಿದಳು. ನನ್ನ ಫೋನು ಕಸಿದುಕೊಂಡು ಬೇಗಂಬಿಗೆ ಹಚ್ಚಿಸಿ, "ನೀ ಹೇಳಿದ್ದ ಖರೇ ಆತವಾ, ನಾನ ಕೆಡಿಸಿದ್ನಿ!" ಎಂದು ಇಡೀ ದವಾಖಾನೆಗೆ ಕೇಳುವಂತೆ ಕೂಗಿದಳು.

ನನಗೆ ತಡೆಯಲಾಗಲಿಲ್ಲ. "ನಂದೂ ಐತಿ ಆತ್ಯಾ. ಔಷಧದ ಬಾಟಲಿ ನೀ ಒಗದಾಗ ನಾ ನೋಡಿ ಸುಮ್ನಿದ್ನಿ" ಎಂದೆ.

ಆಕೆ ಸೆರಗಿನಿಂದ ಮುಖ ಒರೆಸಿಕೊಂಡು ನನ್ನನ್ನು ಗದರಿಸಿದಳು, ಮೂರು ದಿನದಲ್ಲಿ ಮೊದಲ ಸಲ.

"ಸುಮ್ನ ಕುಂದ್ರ ಲೇ. ನಡುವ ನಿಂದೇನ ಹೊಸಾದ ತರ್ತಿ? ಎಲ್ಲಾ ನಂದ."