ಗಂಗಾವತಿಯಿಂದ ತಂದ ಹೂವು

ನನ್ನ ನೆಗೆಣ್ಣಿಯ ಜೊತೆ ಮಾತು ಬಿಟ್ಟು ಎಂಟು ವರ್ಷವಾಯಿತು. ಆಕೆ ನನ್ನ ಗಂಡನ ಅಣ್ಣನ ಹೆಂಡತಿ. ಅಂಗಳ ಒಂದೇ, ನಳ ಒಂದೇ, ಬಾಗಿಲು ಮಾತ್ರ ಎರಡು. ಮಾತು ಬಿಟ್ಟವರಿಗೂ ಮಾತಿನ ಕೆಲಸ ಬೀಳುತ್ತದಲ್ಲ, ಅದಕ್ಕೆ ಅಂಗಳದಲ್ಲಿ ಒಂದು ಆಡು ಇದೆ. ಅತ್ತೆ ಸಾಕಿದ್ದ ಆಡಿನ ಮರಿ, ಇಬ್ಬರಿಗೂ ಸೇರಿದ್ದು. “ಏ ಆಡ, ನಳಕ್ಕ ನೀರ ಬಂದೈತಿ, ಕೊಡ ಇಡೋರು ಇಡ್ಲಿ” ಎಂದು ಆಕೆ ಅದಕ್ಕೆ ಹೇಳುತ್ತಾಳೆ. “ಏ ಆಡ, ನಮಗೂ ಕಣ್ಣ ಅದಾವ ಅನ್ನು” ಎಂದು ನಾನೂ ಅದಕ್ಕೇ ಹೇಳುತ್ತೇನೆ. ಆಡು ಮೆಲುಕು ಹಾಕುತ್ತ ಇಬ್ಬರ ಮುಖವನ್ನೂ ನೋಡುತ್ತದೆ. ನಮ್ಮ ಮನೆಯಲ್ಲಿ ಅದರಷ್ಟು ತಾಳ್ಮೆ ಇನ್ನಾರಿಗೂ ಇಲ್ಲ.

ನಮ್ಮದು ಯಲಬುರ್ಗಾ ಕಡೆಯ ಮಂಗಳೂರು. ಸಮುದ್ರದ ಮಂಗಳೂರಲ್ಲ, ಎರೆಮಣ್ಣಿನ ಮಂಗಳೂರು. ಮದುವೆಗೆ ಮುಂಚೆ ನಾನು ಯಲಬುರ್ಗಾದಲ್ಲಿ ಹೊಲಿಗೆ ಕ್ಲಾಸಿಗೆ ಹೋಗುತ್ತಿದ್ದೆ. ಅಲ್ಲಿ ಜಂಪರು, ಲಂಗದ ಜೊತೆಗೆ ರಿಬ್ಬನ್ ಹೂವು ಮಾಡುವುದನ್ನೂ ಕಲಿತೆ. ಸ್ಯಾಟಿನ್ ರಿಬ್ಬನ್ನನ್ನು ಎರಡು ಬೆರಳಿನಷ್ಟು ಕತ್ತರಿಸಿ, ಎಳೆ ಬಿಚ್ಚದಂತೆ ಅಂಚನ್ನು ಮೇಣದಬತ್ತಿಗೆ ಹಿಡಿಯಬೇಕು. ಒಂದು ಉಸಿರು ಹೆಚ್ಚಾದರೆ ಕಪ್ಪಾಗುತ್ತದೆ. ಆಮೇಲೆ ಎಸಳು ಮಡಚಿ, ಸೂಜಿಗೆ ಪೋಣಿಸಿ, ದಾರ ಎಳೆದರೆ ಹೂವು ತಾನಾಗಿ ಮುದುಡಿ ಅರಳುತ್ತದೆ. ನಡುವೆ ಒಂದು ಮುತ್ತು. ಅಷ್ಟೇ. ಇಷ್ಟು ಬಿಟ್ಟರೆ ನನ್ನ ಕೈಗೆ ಬೇರೆ ಹೆಸರಿರಲಿಲ್ಲ. ಮಕ್ಕಳಾಗಲಿಲ್ಲವೆಂದು ಊರವರು ಇನ್ನೊಂದು ಹೆಸರು ಕೊಟ್ಟರು, ಅದು ಬೇರೆ ಮಾತು.

ಎಂಟು ವರ್ಷದ ಹಿಂದೆ ನೆಗೆಣ್ಣಿಗೆ ಬಹಳ ತಡವಾಗಿ ಗಂಡುಮಗು ಹುಟ್ಟಿತು. ತೊಟ್ಟಿಲಿಗೆ ಹಾಕುವ ದಿನಕ್ಕೆಂದು ನಾನು ವಾರವಿಡೀ ಕೂತು ಕೆಂಪು ರಿಬ್ಬನ್ನಿನ ಹೂವು ಮಾಡಿ, ತೊಟ್ಟಿಲಿನ ನಾಲ್ಕು ಸರಪಳಿಗೂ ಸುತ್ತಿದೆ. ಬಂದವರೆಲ್ಲ ಹೊಗಳಿದರು. ಆ ಸಂಜೆ ಕೂಸಿಗೆ ಜ್ವರ ಬಂತು. ಕೂಸಿಗೆ ಜ್ವರ ಬರುವುದು ಲೋಕದಲ್ಲಿ ಅದೇ ಮೊದಲೇನಲ್ಲ. ಆದರೆ ನೆಗೆಣ್ಣಿ ಎದ್ದು ಬಂದವಳೇ, ಎಲ್ಲರ ಮುಂದೆ, ನನ್ನ ಮುಖ ನೋಡುತ್ತಲೇ ಒಂದೊಂದು ಹೂವನ್ನೂ ಹರಿದಳು. “ಬಂಜಿ ಕೈ ಹಚ್ಚಿಸಿ ನನ್ನ ಕೂಸಿಗೆ ಹಿಂಗಾತು” ಎಂದಳು. ಉಡಿಯಲ್ಲಿ ತುಂಬಿಕೊಂಡು ಹೋಗಿ ಹಿತ್ತಲ ತಿಪ್ಪೆಗೆ ಒಗೆದಳು. ಕೂಸು ಮೂರನೆಯ ದಿನ ಹುಷಾರಾಗಿ ಮೊಲೆ ಕುಡಿಯಿತು. ಆ ಮಾತು ಮಾತ್ರ ಹುಷಾರಾಗಲಿಲ್ಲ.

ಮರುವರ್ಷ ತಿಪ್ಪೆಯ ಗೊಬ್ಬರವನ್ನು ಹೊಲಕ್ಕೆ ಹೊಡೆದರು. ಗೊಬ್ಬರ ಹರಡಲು ನಾನೂ ಹೋಗಿದ್ದೆ. ಕರಿಮಣ್ಣಿನ ಮೇಲೆ ಏನೋ ಕೆಂಪಗೆ ಕಂಡಿತು. ಬಗ್ಗಿ ನೋಡಿದರೆ ನನ್ನ ಹೂವು. ಮುತ್ತು ಉದುರಿತ್ತು, ಒಂದು ಮಗ್ಗುಲಿಗೆ ಕಂದು ಕಲೆ ಹತ್ತಿತ್ತು, ಉಳಿದಂತೆ ಹಾಗೇ ಇತ್ತು. ಸಗಣಿ ಕೊಳೆತು ಮಣ್ಣಾಗಿತ್ತು, ಕಸ ಕೊಳೆತು ಮಣ್ಣಾಗಿತ್ತು, ಸ್ಯಾಟಿನ್ ಕೊಳೆತಿರಲಿಲ್ಲ. ಅದನ್ನು ಸೆರಗಿಗೆ ಕಟ್ಟಿಕೊಂಡು ಬಂದು, ತೊಳೆದು, ನನ್ನ ದಾರದ ಡಬ್ಬಿಯಲ್ಲಿಟ್ಟೆ. ಯಾಕೆ ಎಂದರೆ ಸಿಟ್ಟಿಗೆ. ಸಿಟ್ಟನ್ನು ಇಡಲಿಕ್ಕೂ ಒಂದು ಜಾಗ ಬೇಕಲ್ಲ.

ನೆಗೆಣ್ಣಿಯ ಹಿರಿಯ ಮಗಳು ಮಾತ್ರ ನನ್ನ ಮಗಳೇ ಎನ್ನುವ ಹಾಗೆ ಬೆಳೆದವಳು. ಅವಳು ಸಾಲಿಗೆ ಹೋಗುವಾಗ ಎರಡು ಜಡೆ ಹಾಕಿ ರಿಬ್ಬನ್ ಕಟ್ಟುತ್ತಿದ್ದವಳು ನಾನು. ನಾವು ಹೆಂಗಸರಿಬ್ಬರು ಮಾತು ಬಿಟ್ಟ ಮೇಲೂ ಅವಳು ಅಂಗಳ ದಾಟಿ ಬರುವುದನ್ನು ಬಿಡಲಿಲ್ಲ. ಎರಡು ವರ್ಷದ ಹಿಂದೆ ತಾವರಗೇರಾದ ಕಡೆ ಅವಳ ಮದುವೆ ಗೊತ್ತಾಯಿತು. ಒಂದು ಮಧ್ಯಾಹ್ನ ಬಂದು ನನ್ನ ಪಕ್ಕ ಕೂತು, “ಚಿಕ್ಕವ್ವ, ಹಂದರಕ್ಕ ನೀನ ಹೂವ ಮಾಡಬೇಕು. ಮದುಮಕ್ಕಳ ಹಿಂದ ಹಾಕ್ತಾರಲ್ಲ ಪರದೆ, ಅದರ ತುಂಬ” ಎಂದಳು.

“ನಿಮ್ಮವ್ವ ಮತ್ತ ತಿಪ್ಪಿಗೆ ಒಗೀತಾಳ” ಎಂದೆ.

“ನನ್ನ ಮದುವಿ ಚಿಕ್ಕವ್ವ ಇದು. ಅವ್ವ ಹೆಂಗ ಒಗೀತಾಳ ನೋಡ್ತೀನಿ.”

“ಹಂಗಾರ ಒಂದ ಮಾತು. ಯಾರು ಮಾಡಿದ್ದು ಅಂತ ಯಾರರ ಕೇಳಿದ್ರ ನನ್ನ ಚಿಕ್ಕವ್ವ ಮಾಡ್ಯಾಳ ಅಂತ ಹೇಳಬೇಕು. ನಿನ್ನ ಬಾಯಿಲೆ.”

“ಮೈಕ್ ಹಚ್ಚಿ ಹೇಳ್ತೀನಿ” ಎಂದು ನನ್ನ ಗಲ್ಲ ಹಿಂಡಿದಳು. ನನಗೆ ಬೇಕಾಗಿದ್ದುದು ಅಷ್ಟೇ. ಹರಿದದ್ದು ಎಲ್ಲರ ಮುಂದೆ, ಹಾಗಾದರೆ ಹೇಳುವುದೂ ಎಲ್ಲರ ಮುಂದೆ ಆಗಲಿ.

ಕೊಪ್ಪಳಕ್ಕೆ ಹೋಗಿ ರಿಬ್ಬನ್ ತಂದೆ. ಕೆಂಪು, ಹಳದಿ, ಬಿಳಿ. ಒಂದು ತಿಂಗಳು ಅಡುಗೆ ಮುಗಿಸಿದ್ದೇ ಕೂತೆ. ಬೆರಳ ತುದಿಗಳಲ್ಲಿ ಬೊಬ್ಬೆ ಎದ್ದವು. ನೆಗೆಣ್ಣಿ ಮಗಳ ಹಟಕ್ಕೆ ಬಾಯಿ ಮುಚ್ಚಿದ್ದಳು, ಆದರೆ ಆಡಿನ ಕಿವಿ ಖಾಲಿ ಬಿಡಲಿಲ್ಲ. “ಏ ಆಡ, ಮದುವಿ ಮನಿಯಾಗ ಎಂಥೆಂಥಾರ ಕೈ ಆಡತಾವ ನೋಡ” ಎಂದಳು. “ಏ ಆಡ, ಬ್ಯಾಡಾದ್ರ ಕಣ್ಣ ಮುಚ್ಚಿಕೊಂಡು ಮದುವಿ ಮಾಡಂತ ಹೇಳ” ಎಂದೆ. ಆಡು ನನ್ನ ಹಳದಿ ರಿಬ್ಬನ್ನಿನ ಒಂದು ಮೊಳ ತಿಂದಿತು. ಅದಕ್ಕೆ ಯಾರ ಪಕ್ಷವೂ ಇಲ್ಲ.

ಪರದೆಯ ನಟ್ಟನಡುವೆ ಹೊಲಿದದ್ದು ತಿಪ್ಪೆಯ ಹೂವನ್ನು. ಬೇಕೆಂದೇ ಹೊಲಿದೆ. ಕಂದು ಕಲೆ ಕಾಣುವ ಹಾಗೆಯೇ ಹೊಲಿದೆ. ನೂರಾರು ಹೊಸ ಹೂವುಗಳ ನಡುವೆ ಅದು ಬೇರೆಯವರ ಕಣ್ಣಿಗೆ ಬೀಳಲಾರದು, ಆಕೆಯ ಕಣ್ಣಿಗೆ ಬೀಳಲೇಬೇಕು ಎನ್ನುವುದು ನನ್ನ ಲೆಕ್ಕ. ಹಂದರ ನಮ್ಮ ಅಂಗಳದಲ್ಲೇ. ಮದುವೆಯ ಬೆಳಗ್ಗೆ ತಾವರಗೇರಾ ಸಂತೆಯಿಂದ ಚೆಂಡುಹೂವು, ಸೇವಂತಿಗೆ ಬಂದವು, ಅವುಗಳ ಸರವನ್ನು ನನ್ನ ಹೂವಿನ ನಡುನಡುವೆ ಇಳಿಬಿಟ್ಟೆವು. ನೆಗೆಣ್ಣಿ ಅರಿಶಿನದ ಬಟ್ಟಲು ಹಿಡಿದು ಬಂದವಳು ಪರದೆಯ ಮುಂದೆ ನಿಂತಳು. ಕಂಡಿತು. ನನಗೆ ಗೊತ್ತು, ಕಂಡಿತು. ಕೀಳಲಿ ಎಂದು ಕಾದೆ. ಕಿತ್ತರೆ ಹೇಳಲು ಆರು ವರ್ಷಕ್ಕಾಗುವಷ್ಟು ಮಾತು ನಾಲಗೆಯ ತುದಿಯಲ್ಲಿತ್ತು. ಆಕೆ ತುಟಿ ಬಿಗಿಹಿಡಿದು ಹೊರಟುಹೋದಳು. ನನಗೆ ನಿರಾಸೆಯೇ ಆಯಿತು.

ಅಕ್ಕಿಕಾಳು ಬಿದ್ದವು. ಹನ್ನೆರಡರ ಬಿಸಿಲಿಗೆ ಚೆಂಡುಹೂವು ಬಾಡಿ ತಲೆ ಕೆಳಗೆ ಹಾಕಿದವು, ನನ್ನವು ಬೆಳಗ್ಗೆ ಇದ್ದಂತೆಯೇ ಇದ್ದವು. ನಾನು ನೀರಿನ ತಂಬಿಗೆ ಹಿಡಿದು ಮದುಮಗಳ ಹಿಂದೆಯೇ ನಿಂತಿದ್ದೆ. ಮದುಮಗನ ತಾಯಿ ಪರದೆಯನ್ನು ಮುಟ್ಟಿ ಮುಟ್ಟಿ ನೋಡಿ, “ಭಾಳ ಛಲೋ ಅದಾವಲ್ಲವ್ವ, ಯಾರ ಮಾಡ್ಯಾರ?” ಎಂದು ಸೊಸೆಯನ್ನು ಕೇಳಿದರು.

ನಾನು ಸೆರಗು ಸರಿಮಾಡಿಕೊಂಡೆ. ಹೇಳಲು ನಾಚಿಕೆಯಿಲ್ಲ, ನಗುವನ್ನೂ ಸಿದ್ಧ ಮಾಡಿಟ್ಟುಕೊಂಡಿದ್ದೆ.

“ಗಂಗಾವತಿಯಿಂದ ತರಿಸೀವ್ರಿ ಅತ್ತಿ. ಅಂಗಡ್ಯಾಗಿನವು” ಎಂದಳು ಹುಡುಗಿ.

ತಡವರಿಸಲಿಲ್ಲ, ಹಿಂತಿರುಗಿಯೂ ನೋಡಲಿಲ್ಲ. ಅಷ್ಟು ಸರಾಗವಾಗಿ ಬಂದ ಮಾತು ಆಗ ಹುಟ್ಟಿದ್ದಲ್ಲ, ಮನೆಯಲ್ಲೇ ಸಿದ್ಧವಾಗಿ ಬಂದದ್ದು. ಮಕ್ಕಳಿಲ್ಲದವಳ ಕೈಯ ಹೂವಿನ ಕೆಳಗೆ ಮಗನನ್ನು ಕೂಡಿಸಿದರು ಎಂದು ಬೀಗರು ಅಂದಾರೆಂದು ಅವಳ ಅಂಜಿಕೆ. ನನಗೆ ಅರ್ಥವಾಗದ್ದೇನಲ್ಲ. ಅರ್ಥವಾದರೆ ಉರಿ ಕಡಿಮೆಯಾಗುತ್ತದೆ ಎಂದು ಹೇಳಿದವರು ಯಾರೋ, ಅವರಿಗೆ ಉರಿದೇ ಇರಲಿಕ್ಕಿಲ್ಲ. ಮದುಮಗನ ತಾಯಿ ನನ್ನ ಕಡೆ ತಿರುಗಿ, “ಯಾವ ಅಂಗಡಿರೀ ಯಕ್ಕ?” ಎಂದರು. ತಂಬಿಗೆಯ ನೀರು ಮದುಮಗಳ ತಲೆಯ ಮೇಲೆ ಸುರಿಯಬೇಕೆನಿಸಿತು. ಹಣೆಗೆ ದಂಡೆ ಕಟ್ಟಿಕೊಂಡು ಕೂತ ಹುಡುಗಿ, ನಾನು ಜಡೆ ಹಾಕಿದ ತಲೆ. “ನನಗ ಗೊತ್ತಿಲ್ರೀ” ಎಂದು ಒಳಗೆ ನಡೆದೆ.

ಮಾರನೆಯ ದಿನ ಹಂದರ ಬಿಚ್ಚುವಾಗ ನಾನು ಹೊರಗೆ ಬರಲಿಲ್ಲ. ಸಂಜೆ ನೋಡಿದರೆ ತಿಪ್ಪೆಯ ಹೂವು ನನ್ನ ಕಿಟಕಿಯ ಕಟ್ಟೆಯ ಮೇಲಿತ್ತು. ಹರಿದದ್ದಲ್ಲ, ಹೊಲಿಗೆ ಬಿಚ್ಚಿ ತೆಗೆದದ್ದು. ಅಂಗಳದಲ್ಲಿ ನೆಗೆಣ್ಣಿ ಆಡಿಗೆ ತೊಪ್ಪಲು ಹಾಕುತ್ತ, ನನಗೆ ಬೆನ್ನು ಮಾಡಿ ಹೇಳಿದಳು: “ಏ ಆಡ, ಹಂಗ ಸುಳ್ಳ ಹೇಳಂತ ನಾ ಹೇಳಿಕೊಟ್ಟಿಲ್ಲ. ನನ್ನ ಮಗನ ಆಣಿ.”

“ಏ ಆಡ, ಗೊತ್ತೈತಿ ಅನ್ನು. ಒಗದಾಕಿ ಮುಖದ ಮುಂದರ ಒಗದ್ಲು” ಎಂದೆ.

ಬೈದು ಹೇಳುವವರು ಬದುಕಲಿಕ್ಕೆ ಹೇಳುತ್ತಾರೆ, ನಕ್ಕು ಹೇಳುವವರು ಕೆಡಲಿಕ್ಕೆ ಹೇಳುತ್ತಾರೆ ಎಂಬ ಮಾತಿದೆ. ನೆಗೆಣ್ಣಿ ನನ್ನನ್ನು ಬದುಕಿಸಲು ಬೈದಳೆಂದು ನಾನೇನೂ ಹೇಳುವುದಿಲ್ಲ. ಆಕೆಯನ್ನು ಇಂದಿಗೂ ಕ್ಷಮಿಸಿಲ್ಲ, ಮಾತೂ ಆಡಿಲ್ಲ. ಆದರೆ ಆಕೆಯ ಹಗೆಯಲ್ಲಿ ಹೊಸತೇನೂ ಇಲ್ಲ, ಎಲ್ಲಿ ಚುಚ್ಚುತ್ತದೆಂದು ನನಗೆ ಗೊತ್ತು. ಗಲ್ಲ ಹಿಂಡಿದ ಕೈಯೇ ಚುಚ್ಚುತ್ತದೆಂದು ಗೊತ್ತಿರಲಿಲ್ಲ.

ಹೋದ ವಾರ ಹುಡುಗಿ ಫೋನ್ ಮಾಡಿದ್ದಳು. ಬಸುರಿ, ಎಂಟು ತಿಂಗಳು. ಮದುವೆಯ ಮಾತನ್ನು ಅವಳು ಎತ್ತಲಿಲ್ಲ, ಈ ಎರಡು ವರ್ಷದಲ್ಲಿ ಎಂದೂ ಎತ್ತಿದವಳಲ್ಲ. ಊಟವಾಯಿತೇ ಕೇಳಿದಳು, ಆಡು ಹೇಗಿದೆ ಕೇಳಿದಳು, ಆಮೇಲೆ ಅದೇ ಹಳೆಯ ಮುದ್ದಿನ ದನಿ ತೆಗೆದು, “ಚಿಕ್ಕವ್ವ, ನಮ್ಮ ತೊಟ್ಟಿಲಕ್ಕ ಹೂವ ಮಾಡಿಕೊಡ್ತಿಯೇನ? ನಿನ್ನಂಗ ಯಾರಿಗೂ ಬರೂದಿಲ್ಲ” ಎಂದಳು.

ದಾರದ ಡಬ್ಬಿ ಮುಂದೆಯೇ ಇತ್ತು. ಕೂಸಿಗೇನು ಗೊತ್ತು, ಅದರ ತಪ್ಪೇನು ಎಂದು ಒಂದು ಗಳಿಗೆ ಅನ್ನಿಸಿತು. ಕೆಂಪು ರಿಬ್ಬನ್ ಎಷ್ಟು ಉಳಿದಿದೆ ಎಂದು ಕೈ ಆಗಲೇ ಹುಡುಕುತ್ತಿತ್ತು. ಕೈಯನ್ನು ಹಿಂದಕ್ಕೆ ತೆಗೆದುಕೊಂಡೆ.

“ಗಂಗಾವತಿಯಿಂದ ತರಿಸವ್ವ” ಎಂದೆ. “ಅಲ್ಲಿ ಛಲೋ ಮಾಡ್ತಾರಂತ.”

ಫೋನ್ ಇಟ್ಟವಳು ಅವಳೇ. ನನಗೆ ಅಳು ಬಂತು, ಸಿಟ್ಟೂ ಬಂತು, ಡಬ್ಬಿಯ ಮುಚ್ಚಳ ಹಾಕಿ ಅಟ್ಟದ ಮೇಲಿಟ್ಟೆ.